ಸೀಗಡಿ ಡಬ್ಬದ ಕ್ಯಾಮೆರಾ ಮತ್ತು ಗಣಪು ಮಾವನ ಬೋಟು

ಒಣ ಸೀಗಡಿಯ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಜುಲೈ ಕೊನೆಯಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗಣಪು ಮಾವ ಫೋನ್ ಮಾಡಿದ. "ನಾಗೂ, ಬೋಟಿಗೆ ಬಣ್ಣ ಹೊಡ್ಸಿದೆ. ನಿನ್ ಕ್ಯಾಮೆರಾ ತಕಂಡು ಬಂದರಿಗೆ ಬಾ. ಅದೇ, ಆ ಹಳೇದು." ಮಾವ ಅಂದರೆ ಅಮ್ಮನ ಅಣ್ಣ, ಭಟ್ಕಳ ಬಂದರಿನಲ್ಲಿ ಒಂದು ಬೋಟು ಇಟ್ಟವ. ನಾನು ಒಲೆಯ ಮೇಲಿನ ಅಟ್ಟದಿಂದ ತಗಡಿನ ಡಬ್ಬ ಇಳಿಸಿ ಮುಚ್ಚಳ ತೆಗೆದೆ. ವಾಸನೆ ಮೊದಲು ಬಂತು, ಕ್ಯಾಮೆರಾ ಆಮೇಲೆ ಬಂತು. ಅದರ ಸಂಗಡ ಎರಡು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಡಬ್ಬದಿಂದ ಎದ್ದು ಬಂತು.

ಆಗ ನಾನು ಭಟ್ಕಳದಲ್ಲಿ ಫಸ್ಟ್ ಪಿಯುಗೆ ಸೇರಿದ್ದೆ. ನಮ್ಮೂರು ಮಾವಳ್ಳಿಯಿಂದ ದಿನಾ ಬಸ್ಸು. ಹತ್ತನೇ ಕ್ಲಾಸಿನ ರಜೆಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಮೊಬೈಲಿನಲ್ಲಿ ಕ್ಯಾಮೆರಾಗಳ ವಿಡಿಯೋ ನೋಡಿದ್ದು. ಜಗತ್ತಿನಲ್ಲಿ ಇರುವ ಅಷ್ಟೂ ಕ್ಯಾಮೆರಾಗಳ ಗುಣ ದೋಷ ನನ್ನ ನಾಲಿಗೆಯ ತುದಿಯಲ್ಲಿದ್ದವು. ಮುಟ್ಟಿ ನೋಡಿದ್ದು ಮಾತ್ರ ಒಂದೂ ಇರಲಿಲ್ಲ. ಊಟದ ಹೊತ್ತಿಗೆ ಅಪ್ಪನಿಗೆ ದಿನವೂ ಒಂದು ಪಾಠ. ಸೆನ್ಸರ್ ದೊಡ್ಡದಿರಬೇಕು, ಲೆನ್ಸಿನ ಬಾಯಿ ಅಗಲ ಇರಬೇಕು, ಕಡಲ ಬದಿಯವರ ಕ್ಯಾಮೆರಾಕ್ಕೆ ನೀರು ಒಳಗೆ ಹೋಗದ ಹಾಗೆ ರಬ್ಬರ್ ಸೀಲು ಬೇಕೇಬೇಕು, ಇಲ್ಲದಿದ್ದರೆ ಅದು ಕೊಡೆ ಇಲ್ಲದೆ ದಿಬ್ಬಣ ಹೊರಟ ಮದುಮಗನ ಹಾಗೆ. ಅಪ್ಪ ಎಲ್ಲ ಕೇಳಿ, ಮೀನಿನ ಮುಳ್ಳು ಬಿಡಿಸುತ್ತಾ ಒಂದೇ ಪ್ರಶ್ನೆ ಕೇಳಿದ. "ಫೋಟೋ ಬರ್ತದಲ್ಲ?"

ಬರುವಂಥದ್ದನ್ನೇ ತಂದುಕೊಟ್ಟ. ನಮ್ಮ ಕಡೆಯ ಸ್ಟುಡಿಯೋದವರೊಬ್ಬರು ಹೊಸದು ತಗೊಂಡು ಮೂಲೆಗೆ ಹಾಕಿದ್ದ ಕ್ಯಾಮೆರಾ ಅದು. ಅದರ ಎದುರು ಎಷ್ಟು ಮದುವೆ ನಡೆದಿದ್ದವೋ, ಆ ಜೋಡಿಗಳ ಮಕ್ಕಳೆಲ್ಲ ನನ್ನ ಸೀನಿಯರ್‌ಗಳಾಗಿದ್ದರು. ಹಿಡಿಯುವಲ್ಲಿನ ರಬ್ಬರ್ ಎದ್ದುಹೋಗಿ ಸೈಕಲ್ ಪಂಕ್ಚರ್ ಅಂಟಿನಿಂದ ಕೂತಿತ್ತು. ಬಟನ್ ಒತ್ತಿದರೆ ಬಾಗಿಲು ಹಾಕಿದಷ್ಟು ಸದ್ದು. ಲೆನ್ಸು ಮಾತ್ರ, ದೇವರಾಣೆ, ಕನ್ನಡಿಯ ಹಾಗಿತ್ತು. ಅದರಲ್ಲಿ ತೆಗೆದರೆ ಇರುವೆಯ ಮುಖದಲ್ಲಿನ ಬೇಜಾರು ಕೂಡ ಕಾಣುತ್ತದೆ ಎಂದು ನಾನು ಕ್ಲಾಸಿನಲ್ಲಿ ಹೇಳಿಕೊಂಡು ಬಂದೆ. ಒಂದೇ ವಾರದಲ್ಲಿ ನಾನು ಮಾವಳ್ಳಿಯ ಫೋಟೋಗ್ರಾಫರ್ ಆದೆ. ನೇಮಕ ಮಾಡಿದ್ದು ನಾನೇ.

ಮಳೆ ಶುರುವಾದದ್ದೇ ಭಯ ಶುರುವಾಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆ, ಬೆಲ್ಟು, ಚಪ್ಪಲಿ, ಪಠ್ಯಪುಸ್ತಕ ಎಲ್ಲದಕ್ಕೂ ಬೂಷ್ಟು ಬರುತ್ತದೆ. ಲೆನ್ಸಿನೊಳಗೂ ಬರುತ್ತದಂತೆ, ಅದಕ್ಕೆ ಫಂಗಸ್ ಅನ್ನುತ್ತಾರಂತೆ. ಬೆಚ್ಚಗೆ ಇಡಲು ಕರೆಂಟಿನ ಕಪಾಟು ಬೇಕು ಎಂದು ವಿಡಿಯೋದವರು ಹೇಳಿದ್ದನ್ನು ಅಮ್ಮನಿಗೆ ಹೇಳಿದೆ.

ಅಮ್ಮ ಅಟ್ಟದ ಕಡೆ ಕೈ ತೋರಿಸಿದಳು. "ಈ ಮನೇಲಿ ಮಳೆಗಾಲ ಪೂರಾ ಗರಿಗರಿ ಉಳಿಯೂದು ಒಂದೇ. ಒಣ ಸೀಗಡಿ. ಅದ್ರ ಸಂಗ್ತಿಗೆ ಇಡು."

"ವಾಸನೆ ಬರ್ತದೆ ಅಮ್ಮ."

"ಫೋಟೋದಲ್ಲಿ ಬರ್ತದಾ?"

ಅಪ್ಪನ ಹಳೇ ಲುಂಗಿಯಲ್ಲಿ ಸುತ್ತಿ, ಕೆಳಗೆ ಸೀಗಡಿ ಮೇಲೆ ಕ್ಯಾಮೆರಾ. ಅಂದಿನಿಂದ ನಾನು ಎಲ್ಲಿ ಫೋಟೋ ತೆಗೆಯಲು ನಿಂತರೂ ಬೆಕ್ಕುಗಳು ಮೊದಲು ಪೋಸ್ ಕೊಡಲು ಬರುತ್ತಿದ್ದವು.

ಎಲ್ಲ ಸರಿ ಇತ್ತು. ಆಗ ಇಮಾದ್ ಬಂದ.

ಇಮಾದ್ ಭಟ್ಕಳದ ಪಕ್ಕದ ಜಾಲಿ ಊರಿನವನು, ನನ್ನ ಬೆಂಚಿನವನೇ. ಅವನ ಅಬ್ಬಾ ದುಬೈಯಲ್ಲಿ. ರಜೆಗೆ ಬಂದವರು ಮಗನಿಗೆ ಒಂದು ಕ್ಯಾಮೆರಾ ತಂದಿದ್ದರು. ಬ್ಯಾಗಿನ ಜಿಪ್ ತೆಗೆದಾಗ ಮೊದಲು ಅತ್ತರಿನ ಪರಿಮಳ, ಆಮೇಲೆ ಹೊಸ ಪ್ಲಾಸ್ಟಿಕ್ಕಿನ ಪರಿಮಳ, ಆಮೇಲೆ ಅದು. ಕನ್ನಡಿಯಿಲ್ಲದ ಹೊಸ ನಮೂನೆಯ ಕ್ಯಾಮೆರಾ, ಸದ್ದೇ ಇಲ್ಲ. ಅದಕ್ಕೆ ಮೊಳದುದ್ದದ ಬಿಳಿ ಲೆನ್ಸು, ತುದಿಯಲ್ಲಿ ಕೆಂಪು ಬಳೆ. ನಾನು ರಜೆ ಪೂರ್ತಿ ವಿಡಿಯೋದಲ್ಲಿ ನೋಡಿ ನೋಡಿ ಕನಸಿನಲ್ಲಿ ಮುಟ್ಟಿದ್ದ ಲೆನ್ಸು ಅದೇ. ಅದು ಅವನ ತೊಡೆಯ ಮೇಲೆ ಸಾಕಿದ ಮೊಲದ ಹಾಗೆ ಕೂತಿತ್ತು.

ಅವನು ಜಂಬ ಪಟ್ಟಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಅವನು ಅಂದದ್ದು, "ನಂಗೆ ಎಂತದೂ ಗೊತ್ತಿಲ್ಲ ಮಾರಾಯಾ. ಅಬ್ಬಾ ತಂದ್ರು. ನೀನೇ ಹೇಳ್ಕೊಡು."

ಹೇಳಿಕೊಟ್ಟೆ. ಯಾವ ಬಟನ್ ಎಂತಕ್ಕೆ ಎಂದು ವಿವರವಾಗಿ, ಎಷ್ಟು ವಿವರವಾಗಿ ಅಂದರೆ ಯಾರೂ ಯಾವತ್ತೂ ಅರ್ಥ ಮಾಡಿಕೊಳ್ಳಲು ಸಾಧ್ಯ ಇಲ್ಲದಷ್ಟು. ಅವನು ತಲೆ ಅಲ್ಲಾಡಿಸಿ ಎಲ್ಲ ಕೇಳಿ, ಕ್ಯಾಮೆರಾದ ಚಕ್ರವನ್ನು, ಎಲ್ಲ ತಾನೇ ನೋಡಿಕೊಳ್ಳುವ ಹಸಿರು ಆಟೋಗೆ ತಿರುಗಿಸಿ, ಕಿಟಕಿಯಾಚೆ ಒದ್ದೆ ಕಾಗೆಯೊಂದರ ಫೋಟೋ ತೆಗೆದ. ಆ ಕಾಗೆಯ ಕಣ್ಣಿನಲ್ಲಿ ನಮ್ಮ ಕಾಲೇಜೇ ಕಾಣುತ್ತಿತ್ತು. ಕ್ಲಾಸಿನವರೆಲ್ಲ ಅವನ ಬೆನ್ನ ಮೇಲೆ ಬಿದ್ದರು. ನಾನು ನನ್ನ ಕ್ಯಾಮೆರಾ ತೆಗೆದೆ. ಮುಂದಿನ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡು, "ಯಾರಾ ಡಬ್ಬಿ ತೆಗ್ದದ್ದು, ಇನ್ನೂ ಎರಡ್ನೇ ಪಿರಿಯಡ್ಡು" ಅಂದಳು.

ಬಿಳಿ ಲೆನ್ಸು ನನಗೂ ಬೇಕಿತ್ತು. ಬಚ್ಚಲುಮನೆ ಕೆಲಸದಲ್ಲಿ ಉಳಿದ ಬಿಳಿ ಪೈಪಿನ ತುಂಡು ಹಿತ್ತಲಲ್ಲಿತ್ತು. ಕೊಯ್ದು, ಉಜ್ಜಿ, ತುದಿಗೆ ಕೆಂಪು ಇನ್ಸುಲೇಶನ್ ಟೇಪು ಸುತ್ತಿ ನನ್ನ ಲೆನ್ಸಿನ ಮೇಲೆ ಏರಿಸಿದೆ. ದೂರದಿಂದ ನೋಡಿದರೆ ಇಮಾದನದಕ್ಕಿಂತ ಗೇಣುದ್ದ ಜಾಸ್ತಿ. ಹತ್ತಿರದಿಂದ ಯಾರನ್ನೂ ನೋಡಲು ಬಿಡಬಾರದು, ಅಷ್ಟೇ. ಒಂದು ಭಾನುವಾರ ಇಬ್ಬರೂ ಹೊನ್ನಾವರಕ್ಕೆ, ಶರಾವತಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರಲ್ಲ, ಅಲ್ಲಿಗೆ ಹಕ್ಕಿಯ ಫೋಟೋ ಹಿಡಿಯಲು ಹೊರಟೆವು. ಬಸ್ಸಿನಲ್ಲಿ ಕಂಡಕ್ಟರು ನನ್ನ ಕುತ್ತಿಗೆ ನೋಡಿ ನಿಂತ.

"ಎಂತದಾ ಅದು, ಪಂಪಿನ ಪೈಪಾ?"

"ಲೆನ್ಸು."

"ಹೌದಾ. ಹಿಂದೆ ಮೋಟಾರು ಎಲ್ಲಿ?"

ಇಡೀ ಬಸ್ಸು ನಕ್ಕಿತು. ಇಮಾದ್ ಮಾತ್ರ ನಗಲಿಲ್ಲ. "ಚೆಂದ ಮಾಡಿದ್ದೀ ಮಾರಾಯಾ, ಮಳೆ ನೀರು ಬೀಳೂದಿಲ್ಲ" ಅಂದ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಪೈಪಿನೊಳಗಿಂದ ತೆಗೆದ ಫೋಟೋಗಳೆಲ್ಲ ಬಾವಿಯ ತಳದಿಂದ ಮೇಲೆ ನೋಡಿದ ಹಾಗೆ ಬಂದವು, ಸುತ್ತ ಕಪ್ಪು, ನಡುವೆ ಒಂದು ಗುಂಡು ಆಕಾಶ. ಆದರೂ ಹಲಗೆಯ ಮೇಲೆ ಬಂದ ಪ್ರವಾಸಿಗರು ನನ್ನನ್ನೇ ನೋಡಿ ದಾರಿ ಬಿಟ್ಟರು. ಒಬ್ಬರು "ಸರ್" ಎಂದೂ ಅಂದರು. ಆ ಸಂತೋಷಕ್ಕೆ ಜೋರಾಗಿ ತಿರುಗಿದೆ. ಪೈಪು ಕಳಚಿ ನೀರಿಗೆ ಬಿದ್ದು, ಬಾಗಿದ ಒಂದು ಬೇರಿಗೆ ಹೋಗಿ ಸಿಕ್ಕಿಕೊಂಡಿತು. ಎಲ್ಲಿತ್ತೋ ಒಂದು ಬೆಳ್ಳಕ್ಕಿ, ಬಂದು ಅದರ ಮೇಲೆಯೇ ಕೂತಿತು. ಇಮಾದ್ ಸದ್ದಿಲ್ಲದ ಕ್ಯಾಮೆರಾದಲ್ಲಿ ಆಟೋ ಇಟ್ಟು ಹೊಡೆದ. ಬಿಳಿ ಪೈಪು, ಕೆಂಪು ಬಳೆ, ಬಿಳಿ ಹಕ್ಕಿ, ಕೆಳಗೆ ಅಷ್ಟರದೂ ನೆರಳು. ಆ ವಾರ ನಮ್ಮ ಕಾಲೇಜಿನವರ ಸ್ಟೇಟಸ್ಸಿನಲ್ಲೆಲ್ಲ ಅದೇ ಫೋಟೋ. ನನ್ನ ಲೆನ್ಸಿಗೆ ಹಕ್ಕಿ ಸಿಕ್ಕಿತು, ನನಗೆ ಸಿಗಲಿಲ್ಲ.

ಆ ಹೊತ್ತಿಗೆ ಗಣಪು ಮಾವ ಬೋಟು ತಂದ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಹೋಗುವ ಹಾಗಿಲ್ಲ, ಎಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಆಗಸ್ಟಿನಲ್ಲಿ ಪೂಜೆ ಮಾಡಿ ಇಳಿಸುತ್ತಾರೆ. ಮಾವ ದಕ್ಷಿಣದ ಕಡೆಯಿಂದ ತಂದ ಬೋಟು ನೀಲಿ ಬಣ್ಣದಲ್ಲಿ ಫಳಫಳ ಅನ್ನುತ್ತಿತ್ತು. ಬದಿಯಲ್ಲಿ ಹಳದಿ ಅಕ್ಷರದಲ್ಲಿ 'ಪಾರ್ವತಿ ಪ್ರಸಾದ'. ಪಾರ್ವತಿ ಅಂದರೆ ನಮ್ಮ ಅತ್ತೆ, ಮಾವನ ಹೆಂಡತಿ. ತನ್ನ ಹೆಸರಿನ ಹೊಸ ಬೋಟು ಎಂದು ಅತ್ತೆ ಕುಮಟೆಯ ತವರಿಗೆಲ್ಲ ಫೋನ್ ಮಾಡಿ ಹೇಳಿದ್ದಳು. ಅಲ್ಲಿಯ ಮನೆ ಮನೆಯ ನಾಯಿಗಳಿಗೂ ಸುದ್ದಿ ಮುಟ್ಟಿತ್ತು.

"ಕ್ಯಾಬಿನ್ನಲ್ಲಿ ದೇವ್ರ ಫೋಟೋ ಪಕ್ಕ ಬೋಟಿಂದು ಒಂದು ದೊಡ್ಡ ಫೋಟೋ ಹಾಕ್ಬೇಕು" ಅಂದ ಮಾವ ನನಗೆ. "ಇಳ್ಸೂ ದಿನ ನೀ ತೆಗಿ."

ನನ್ನ ಎದೆ ಬೋಟಿಗಿಂತ ಅಗಲ ಆಯಿತು. ಕಡಲಿಗೆ ಹೋಗುವ ಫೋಟೋ. ಬಂದರಿನವರೆಲ್ಲ ಹತ್ತಿ ಇಳಿದು ನೋಡುವ ಫೋಟೋ. ಅಂಥದ್ದು ಜಗತ್ತಿನ ಯಾವ ಬಿಳಿ ಲೆನ್ಸಿನವನಿಗೂ ಸಿಗುವುದಿಲ್ಲ, ಯಾಕೆಂದರೆ ಮಾವ ನನ್ನವನು. ಇದನ್ನು ಇಮಾದನಿಗೆ ಹೇಳದೆ ಇರಲಾಗಲಿಲ್ಲ. ಹೇಳಿದ್ದೇ ತಪ್ಪಾಯಿತು. ಇಳಿಸುವ ದಿನ ಬೆಳಗ್ಗೆ ಅವನೂ ಬಂದರಿನಲ್ಲಿ ಹಾಜರ್, ಆ ಬಿಳಿ ಲೆನ್ಸಿನ ಮೊಲದ ಸಮೇತ.

ಮಾವ ಆ ಲೆನ್ಸಿನ ಉದ್ದವನ್ನು ಬಲೆ ಅಳೆಯುವ ಹಾಗೆ ಕಣ್ಣಲ್ಲೇ ಅಳೆದ. "ಯಾರ ಪೈಕಿ ಇವ?"

"ನನ್ನ ದೋಸ್ತ, ಜಾಲಿಯವ."

"ಅವ್ನೂ ತೆಗೀಲಿ ಹಂಗಾರೆ. ಚೆಂದ ಬಂದದ್ದು ಹಾಕೂದು. ಆತಾ?"

ಆತು ಅನ್ನದೆ ಎಂತ ಅನ್ನಲಿ. ಸ್ವಂತ ಮಾವನ ಬೋಟಿಗೆ ನಾನು ಪರೀಕ್ಷೆ ಬರೆಯುವ ಹಾಗಾಯಿತು.

ಪೂಜೆಯ ನಡುವೆ ಕಾಯಿ ಒಡೆದರು. ಮಳೆ ನಿಂತು, ಮೋಡದ ಸಂದಿಯಿಂದ ಓರೆ ಬಿಸಿಲು ಬೋಟಿನ ಒದ್ದೆ ಬದಿಯ ಮೇಲೆ ಬಿತ್ತು. ನಾನು ಬೋಟು ಕಟ್ಟುವ ಧಕ್ಕೆಯ ಅಂಚಿಗೆ ಹೋಗಿ, ಮಂಡಿಯೂರಿ, ಸರಿಯಾಗಿ ಲೆಕ್ಕ ಹಾಕಿ, ಉಸಿರು ಕಟ್ಟಿ ಒತ್ತಿದೆ. ಬಾಗಿಲು ಹಾಕಿದ ಸದ್ದಿಗೆ ಭಟ್ಟರು ಮಂತ್ರ ಬಿಟ್ಟು ತಿರುಗಿ ನೋಡಿದರು. ಪಕ್ಕದಲ್ಲಿ ಇಮಾದ್ ಕಣ್ಣು ಕಿರಿದು ಮಾಡಿ ಲೆನ್ಸು ಒರೆಸುತ್ತಿದ್ದ.

"ಮಂಜು ಮಂಜು ಕಾಣ್ತದೆ ಮಾರಾಯಾ. ಎಷ್ಟು ಒರ್ಸಿದ್ರೂ ಹೋಗೂದಿಲ್ಲ."

ನಾನು ಇಸಿದುಕೊಂಡು ಬೆಳಕಿಗೆ ಹಿಡಿದೆ. ಒಳಗಿನ ಗಾಜಿನಲ್ಲಿ ಜೇಡರ ಬಲೆಯ ಹಾಗೆ ಬಿಳಿ ನೂಲು ಹಬ್ಬಿತ್ತು. ಫಂಗಸ್. ಅಷ್ಟು ದಿನದ ಮಳೆಯಲ್ಲೂ ಆ ಲೆನ್ಸು ಚರ್ಮದ ಬ್ಯಾಗಿನಲ್ಲಿ, ಅತ್ತರಿನ ಕಪಾಟಿನಲ್ಲಿ, ಮೆತ್ತಗೆ ಮಲಗಿತ್ತು. ನನ್ನದು ಲುಂಗಿ ಸುತ್ತಿಕೊಂಡು ಸೀಗಡಿಯ ಮೇಲೆ ಸನ್ಯಾಸ ಮಾಡಿತ್ತು. ನನಗೆ ಆದ ಆನಂದವನ್ನು ಮುಖದಲ್ಲಿ ಇಟ್ಟುಕೊಳ್ಳಲು ಜಾಗ ಸಾಲದೆ ನಾನು ಕಡಲ ಕಡೆ ತಿರುಗಿ ಕೆಮ್ಮಿದೆ.

"ಒಳಗೆ ಬೂಷ್ಟು ಬಂದದೆ" ಅಂದೆ, ಸತ್ತವರ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ. "ಇವತ್ತು ಎಂತ ಮಾಡೂಕೂ ಆಗೂದಿಲ್ಲ."

"ಹೋಗ್ಲಿ ಬಿಡು. ನಿಂದು ಉಂಟಲ್ಲ" ಅಂದು ಅವನು ಆದರೂ ನಾಲ್ಕಾರು ಹೊಡೆದ, ಸುಮ್ಮನೆ.

ಸಂಜೆ ಮಾವನ ಮನೆಯಲ್ಲಿ ಟಿವಿಗೆ ಪೆನ್‌ಡ್ರೈವ್ ಹಾಕಿ ಫಲಿತಾಂಶ. ಮೊದಲು ಇಮಾದನದು. ಬೋಟಿನ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು. ದೀಪಕ್ಕೆ ಪ್ರಭೆ, ಹಳದಿ ಅಕ್ಷರಕ್ಕೆ ಪ್ರಭೆ, ಮಾವನ ಬೋಳುತಲೆಗೂ ಪ್ರಭೆ. ನೀಲಿ ಬದಿ ರೇಷ್ಮೆಯ ಹಾಗೆ ನುಣ್ಣಗೆ. ಅತ್ತೆ "ಎಷ್ಟ್ ಚೆಂದ, ದೇವ್ರ ಫೋಟೋ ಇದ್ದಂಗೆ ಇದ್ದು" ಅಂದಳು. ನಾನು ಗಂಟಲು ಸರಿಮಾಡಿಕೊಂಡೆ. ಅದು ಚೆಂದ ಅಲ್ಲ, ರೋಗ ಎಂದು ವಿವರಿಸಿದೆ. ಆಮೇಲೆ ನನ್ನದು ಹಾಕಿದೆ.

ಟಿವಿಯ ಗಾಜು ಒಡೆದು ಬೋಟು ಹೊರಗೆ ಬರುವುದೊಂದು ಬಾಕಿ. ಮೊಳೆಯ ತಲೆ ಎಣಿಸಬಹುದು. ಮಾವನ ಹಲ್ಲಿನಲ್ಲಿ ಬೆಳಗ್ಗೆ ತಿಂದ ಎಲೆಯಡಿಕೆಯ ಚೂರು ಕಾಣುತ್ತಿತ್ತು. "ಇದು ಫೋಟೋ ಅಂದ್ರೆ" ಅಂದೆ. "ಇನ್ನೂ ದೊಡ್ಡ ಮಾಡಿ ತೋರ್ಸ್ತೆ ನೋಡು ಅತ್ತೆ, ಬಣ್ಣದ ಬ್ರಷ್ಷಿನ ಗೆರೆ ಸಮೇತ ಕಾಣ್ತದೆ." ದೊಡ್ಡ ಮಾಡಿದೆ. ಇನ್ನೂ ದೊಡ್ಡ ಮಾಡಿದೆ.

ಅತ್ತೆ ಟಿವಿಯ ಹತ್ತಿರ ಹೋಗಿ ಬಗ್ಗಿದಳು. "ಇದೆಂತ ಇಲ್ಲಿ? ನನ್ನೆಸ್ರ ಅಡೀಲಿ ಬೇರೆ ಎಂತದೋ ಬರ್ದಂಗೆ ಕಾಣ್ತು."

ಬರೆದಿತ್ತು. ನೀಲಿ ಬಣ್ಣದ ಅಡಿಯಲ್ಲಿ ಹಳೇ ಬಣ್ಣದ ದಪ್ಪ ಅಂಚು ಉಬ್ಬಿಕೊಂಡು, ಓರೆ ಬಿಸಿಲಿಗೆ ನೆರಳು ಬಿಟ್ಟು, ಸ್ಪಷ್ಟ ನಾಲ್ಕು ಅಕ್ಷರ. ಅತ್ತೆ ಬೆರಳಿಟ್ಟು ಓದಿದಳು. "ಜ, ಲ, ರಾ, ಣಿ. ಯಾರಿವ್ಳು ಜಲರಾಣಿ?"

ಮಾವನ ಮುಖದ ಪ್ರಭೆ ಹೋಯಿತು. ಹೊಸ ಬೋಟು ಅಂದದ್ದು ಹೊಸ ಬಣ್ಣ ಹೊಡೆದ ಹಳೇ ಬೋಟು ಎಂದು ನನಗೆ ಆಗ ಹೊಳೆಯಿತು. ಕುಮಟೆಯವರೆಗೆ ಹೋದ ಸುದ್ದಿ ನನ್ನ ಲೆನ್ಸಿನ ತುದಿಯಲ್ಲಿ ನೇತಾಡುತ್ತಿತ್ತು. ಮಾವ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಇಟ್ಟದ್ದಲ್ಲ, ಒತ್ತಿದ.

"ಅದು ಕ್ಯಾಮೆರಾದ ದೋಷ" ಅಂದ.

"ಕ್ಯಾಮೆರಾದ್ದಾ?" ಅಂದಳು ಅತ್ತೆ.

"ಹಳೇ ಸ್ಟುಡಿಯೋದ್ದಲ್ದಾ ಇದು. ಮೊದ್ಲು ತೆಗ್ದ ಫೋಟೋ ಎಲ್ಲ ಅಡೀಲಿ ಉಳ್ಕಂತು. ಯಾವ್ದೋ ಮದ್ವೆ ಹುಡ್ಗಿ ಹೆಸ್ರು ಇರೂಕು. ಅಲ್ದನಾ ನಾಗೂ?"

ನನ್ನ ಲೆನ್ಸು. ಇಡೀ ತಾಲೂಕಿನಲ್ಲಿ ಆ ಮಳೆಗಾಲ ಬೂಷ್ಟು ಹಿಡಿಯದೆ ಉಳಿದಿದ್ದ ಲೆನ್ಸು. ಬಣ್ಣದ ಅಡಿಯ ಸುಳ್ಳನ್ನು ಓದಿದ ಲೆನ್ಸು. ಮಾವನ ಹೆಬ್ಬೆರಳು ನನ್ನ ಹೆಗಲ ಮೂಳೆಯನ್ನು ಹುಡುಕಿ ಹಿಡಿದಿತ್ತು. ಪಕ್ಕದಲ್ಲಿ ಇಮಾದ್ ಟಿವಿ ನೋಡುತ್ತಿದ್ದ. ಅವನಿಗೂ ಓದಲು ಬರುತ್ತದೆ.

"ಹೌದು ಅತ್ತೆ" ಅಂದೆ. "ಹಳೇ ಕ್ಯಾಮೆರಾ. ದೋಷ ಉಂಟು."

ಅತ್ತೆ ಪಾಪ ಎಂಬಂತೆ ನನ್ನ ಕ್ಯಾಮೆರಾ ನೋಡಿದಳು. "ಇರ್ಲಿ ಬಿಡಾ. ಮುಂದೆ ಒಳ್ಳೇದು ತಕ. ಇಮಾದಂದು ನೋಡು, ಎಷ್ಟು ಸ್ವಚ್ಛ ಬಂದದೆ."

ಸ್ವಚ್ಛ. ಈ ಹೊಗಳಿಕೆ ಫಂಗಸ್ಸಿಗೆ.

ಇಮಾದನ ಫೋಟೋ ದೊಡ್ಡದಾಗಿ ಪ್ರಿಂಟಾಗಿ, ಚೌಕಟ್ಟು ಹಾಕಿಸಿಕೊಂಡು ಕ್ಯಾಬಿನ್ನಿನಲ್ಲಿ ದೇವರ ಪಕ್ಕ ಕೂತಿತು. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇಮಾದ್ ಒಂದೇ ಮಾತು ಅಂದಿದ್ದ, "ನಿಂದೇ ಚೆಂದ ಇತ್ತು." ಅವನು ಹೀಗೆ ಒಳ್ಳೆಯವನಾಗಿ ಇರುವುದೇ ನನ್ನ ಜೀವನದ ದೊಡ್ಡ ಕಷ್ಟ.

ನಾನು ಸುಮ್ಮನೆ ಕೂರಲಿಲ್ಲ. ಅವನಿಗೆ ಫಂಗಸ್ ಇದ್ದರೆ ನನಗೂ ಇರಲಿ ಎಂದು ಲೆನ್ಸನ್ನು ಡಬ್ಬದಿಂದ ತೆಗೆದು ಬಚ್ಚಲುಮನೆಯ ಕಿಟಕಿಯಲ್ಲಿಟ್ಟೆ. ಒದ್ದೆ ಟವೆಲಿನಲ್ಲಿ ಸುತ್ತಿ ಬಾವಿಕಟ್ಟೆಯ ಬುಡದಲ್ಲಿಟ್ಟೆ. ಸೆಪ್ಟೆಂಬರ್ ಪೂರ್ತಿ ದಿನಾ ಬೆಳಕಿಗೆ ಹಿಡಿದು ನೋಡಿದೆ, ಮೊಳಕೆ ಬಂತೋ ಎಂದು ಕಾಳು ನೋಡುವ ಹಾಗೆ. ಗೋಡೆಗೆ ಬಂತು, ಟವೆಲಿಗೆ ಬಂತು, ನನ್ನ ಕೆಮಿಸ್ಟ್ರಿ ಪುಸ್ತಕಕ್ಕೆ ಬಂತು. ಲೆನ್ಸಿಗೆ ಮಾತ್ರ ಒಂದು ಎಳೆ ಬರಲಿಲ್ಲ. ಸೀಗಡಿಯ ವಾಸನೆ ಫಂಗಸ್ಸಿಗೂ ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ಅಮ್ಮ ಬಾವಿಕಟ್ಟೆಯಲ್ಲಿ ಅದನ್ನು ಕಂಡು, ಏನೂ ಕೇಳದೆ, ಲುಂಗಿ ಸುತ್ತಿ ಮತ್ತೆ ಡಬ್ಬಕ್ಕೆ ಹಾಕಿದಳು. ಇಮಾದನದನ್ನು ಅವನ ಅಬ್ಬಾ ದುಬೈಗೆ ಒಯ್ದು ಸ್ವಚ್ಛ ಮಾಡಿಸಿ ಕಳಿಸಿದರು. ಆಮೇಲೆ ಅವನ ಫೋಟೋಗಳಿಗೆ ಪ್ರಭೆ ಬರಲಿಲ್ಲ. ಆದರೂ ಚೆಂದವೇ ಬಂದವು.

ಇದೆಲ್ಲ ಡಬ್ಬದಿಂದ ಎದ್ದು ಬಂದದ್ದು. ಮೊನ್ನೆ ಬಂದರಿಗೆ ಹೋದರೆ ಇಮಾದ್ ಅಲ್ಲಿದ್ದ, ಮಾವ ಅವನಿಗೂ ಫೋನ್ ಮಾಡಿದ್ದ. ಬೋಟು ಹೊಸ ನೀಲಿಯಲ್ಲಿ ನಿಂತಿತ್ತು. ಮಾವ ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದ. "ಈ ಸಲ ಹಳೇದೆಲ್ಲ ಕೆರ್ಸಿ, ತಿಕ್ಸಿ, ಆಮೇಲೆ ಹೊಡ್ಸಿದ್ದೆ. ನಿಂದ್ರಲ್ಲಿ ತೆಗ್ದು ನೋಡು. ಅದ್ರ ಕಣ್ಣಿಗೆ ಕಾಣ್ದಿದ್ರೆ ಯಾರಿಗೂ ಕಾಣೂದಿಲ್ಲ."

ಎರಡು ವರ್ಷಕ್ಕೆ ನನ್ನ ಲೆನ್ಸಿಗೆ ಸಿಕ್ಕ ಮೊದಲ ಮರ್ಯಾದೆ. ಬದಿಗೆ ನೀರು ಎರಚಿಸಿ, ಓರೆ ಬಿಸಿಲಿಗೆ ಕಾದು, ಮಂಡಿಯೂರಿ ಒತ್ತಿದೆ. ದೊಡ್ಡ ಮಾಡಿ ಹುಡುಕಿದೆ. ಜಲರಾಣಿ ಹೋಗಿದ್ದಳು. ಸ್ವಲ್ಪ ಬೇಜಾರೇ ಆಯಿತು. ನನ್ನ ಲೆನ್ಸನ್ನು ನಂಬಿ ಹೊರಗೆ ಬಂದವಳು ಅವಳೊಬ್ಬಳೇ. ಕ್ಯಾಬಿನ್ನಿನೊಳಗೆ ಇಣುಕಿದೆ. ಇಮಾದನ ಫೋಟೋದ ಗಾಜಿನ ಒಳಗೆ ಉಪ್ಪುಗಾಳಿಗೆ ಬಿಳಿ ಬೂಷ್ಟು ಹಬ್ಬಿ ಬೋಟು ಅರ್ಧ ಮಾಯವಾಗಿತ್ತು. ಮಾವ ಅದನ್ನೇ ಪ್ರೀತಿಯಿಂದ ನೋಡಿ, "ಬರ್ತಾ ಬರ್ತಾ ಇನ್ನೂ ಚೆಂದ ಆತು" ಅಂದ.

ಮಧ್ಯಾಹ್ನ ಊಟಕ್ಕೆ ಮಾವನ ಮನೆ. ಮಾವ ನನ್ನ ಕ್ಯಾಮೆರಾವನ್ನು ಹರಿವಾಣದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ತೋರಿಸಿದ. "ನೋಡು ಪಾರ್ವತಿ, ಎಷ್ಟು ಬೇಕಾರೂ ದೊಡ್ಡ ಮಾಡು. ಎಂತಾದ್ರೂ ಕಾಣ್ತದಾ?"

ಅತ್ತೆ ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ನೋಡಿದಳು. ಮುಖ ಅರಳಿತು. "ಇಲ್ಲ. ಪೂರಾ ಹೋಯ್ತು. ಕ್ಯಾಮೆರಾ ರಿಪೇರಿ ಆತು ಹಂಗಾರೆ."

ನಾನು ಬಾಯಿ ತೆರೆಯುವುದರೊಳಗೆ ಅವಳು ಇಮಾದನ ಕಡೆ ತಿರುಗಿದ್ದಳು. "ನೀನೇ ಸರಿ ಮಾಡ್ಕೊಟ್ಯನಾ?"

ಇಮಾದ್ ನನ್ನ ಮುಖ ನೋಡಿದ. ಮಾವ ನನ್ನ ಹೆಗಲು ನೋಡಿದ. ಅಲ್ಲಿಯ ಮೂಳೆಗೆ ಎಲ್ಲ ನೆನಪಿತ್ತು.

"ಹೌದು ಅತ್ತೆ" ಅಂದೆ ನಾನೇ. "ಅವನೇ."

ಅತ್ತೆ ಅವನ ತಟ್ಟೆಗೆ ಒಣ ಸೀಗಡಿ ಚಟ್ನಿ ಎರಡನೇ ಸಲ ಬಡಿಸಿದಳು, ಪಾತ್ರೆಯ ತಳ ಕೆರೆದು. ನನಗೆ ಬೇಕಾ ಎಂದು ಕೇಳಲಿಲ್ಲ. ವಾಸನೆ ನನ್ನ ಕಡೆಯಿಂದಲೇ ಬರುತ್ತಿತ್ತಲ್ಲ, ಮೊದಲೇ ಹಾಕಿ ಆಗಿದೆ ಅಂದುಕೊಂಡಿರಬೇಕು.